ಕರು ಕಟ್ಟುವ ಕಲ್ಲಿನ ಕೆಳಗೆ

ಈಗಿನ ಹುಡುಗಿಯರಿಗೆ ಹಗೇವು ಅಂದರೆ ಬಿಡಿಸಿ ಹೇಳಬೇಕು. ನೆಲದೊಳಗೆ ತೋಡಿದ ಗುಂಡಿ ಅದು. ಬಾಯಿ ಕಿರಿದು, ಒಬ್ಬ ಮನುಷ್ಯ ತೋಳು ಮೇಲೆತ್ತಿ ಇಳಿಯುವಷ್ಟು. ಹೊಟ್ಟೆ ದೊಡ್ಡದು. ಒಳಗೆ ಸುತ್ತಲೂ ಹುಲ್ಲು ಹೊದಿಸಿ ರಾಗಿ ತುಂಬಿ, ಮೇಲೆ ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ಗಾಳಿಯೂ ಹೋಗುವುದಿಲ್ಲ, ಹುಳುವೂ ಹೋಗುವುದಿಲ್ಲ. ವರ್ಷಗಟ್ಟಲೆ ಇಟ್ಟರೂ ರಾಗಿ ಕೆಡುವುದಿಲ್ಲ. ಆದರೆ ಒಂದು ಕಟ್ಟಳೆ ಉಂಟು: ಬಾಯಿ ತೆಗೆದ ಮೇಲೆ ಪೂರ್ತಿ ಬರಿದು ಮಾಡಬೇಕು. ಇವತ್ತಿಗೆ ಎರಡು ಸೇರು ಸಾಕು, ಮಿಕ್ಕಿದ್ದು ಇರಲಿ ಅಂತ ಮತ್ತೆ ಮುಚ್ಚಿದರೆ ಮಿಕ್ಕಿದ್ದೆಲ್ಲ ಹಾಳು. ಹಾಗಾಗಿ ಹಗೇವು ತೆಗೆಯುವುದು ಊರಿಗೆಲ್ಲ ಗೊತ್ತಾಗುವ ಕೆಲಸ. ಎರಡನೇ ಮಹಾಯುದ್ಧದ ಕಾಲದಲ್ಲಿ ಊರಿಗೆ ಗೊತ್ತಾದರೆ ಸರ್ಕಾರಕ್ಕೂ ಗೊತ್ತಾದ ಹಾಗೆ.

ನನ್ನನ್ನು ಮಳವಳ್ಳಿ ಕಡೆಯ ಒಣ ಸೀಮೆಯಿಂದ ಹನಕೆರೆ ಹತ್ತಿರದ ಹಳ್ಳಿಗೆ ಕೊಟ್ಟಾಗ ಆ ಊರಿಗೆ ನಾಲೆ ನೀರು ಬಂದು ಹೆಚ್ಚು ಕಾಲವಾಗಿರಲಿಲ್ಲ. ನೀರು ಬಂದ ಸೊಕ್ಕು ಜನರ ಮಾತಿನಲ್ಲೇ ಇತ್ತು. ನಮ್ಮತ್ತೆಗಂತೂ ಬೀಗರ ಊರನ್ನು ಹಂಗಿಸದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ. ಮದುವೆ ಚಪ್ಪರದಲ್ಲೇ ನಮ್ಮವ್ವನಿಗೆ, “ನಿಮ್ ಕಡೆ ಒಂದ್ ಬಿಂದ್ಗೆ ನೀರ್ಗೆ ಊರಾಚೆ ಓಗ್ಬೇಕಂತಲ್ಲ ಬೀಗಿತ್ತಿ. ನಿಮ್ ಮಗ್ಳು ಇನ್ಮ್ಯಾಕೆ ಕೂತ್ ಕಡೇಲೆ ನೀರ್ ಮೊಗೀತಾಳೆ ಬುಡಿ” ಅಂದಿದ್ದರು. ಅವ್ವ ಹಲ್ಲು ಕಚ್ಚಿಕೊಂಡು ನಕ್ಕಿದ್ದಳು.

ಅತ್ತೆ ಹೇಳಿದ್ದು ನಿಜವೇ ಆಯಿತು. ನಾನು ಬಂದ ಹೊಸದರಲ್ಲಿ ಹಿತ್ತಲ ಬಾವಿಗೆ ಉದ್ದನೆಯ ಹಗ್ಗ ಬೇಕಿತ್ತು. ವರ್ಷದಿಂದ ವರ್ಷಕ್ಕೆ ನೀರು ಮೇಲೆ ಬಂದು, ಕೊನೆಗೆ ಬಗ್ಗಿ ಬಿಂದಿಗೆ ಅದ್ದಿದರೆ ತುಂಬಿಕೊಳ್ಳುವ ಹಾಗಾಯಿತು. ಅತ್ತೆ ಬಾವಿಕಟ್ಟೆಗೆ ಅರಿಶಿನ ಕುಂಕುಮ ಇಟ್ಟು ಕೈಮುಗಿದರು. ನಾನೂ ಮುಗಿದೆ. ಹಗ್ಗ ಜಗ್ಗುವ ಕೆಲಸ ತಪ್ಪಿತಲ್ಲ ಅಂತ ನನಗೆ ಬಹಳ ಸಂತೋಷವಾಗಿತ್ತು. ಆ ಬಾವಿಗೂ ಕೊಟ್ಟಿಗೆಯೊಳಗಿನ ಹಗೇವಿಗೂ ನಡುವೆ ಒಂದೇ ಗೋಡೆ.

ಹಗೇವು ತುಂಬಿಸಿದ್ದು ಯುದ್ಧ ಶುರುವಾದ ಸುದ್ದಿ ಬಂದ ವರ್ಷ. ಅತ್ತೆಯ ಅವ್ವ ದೊಡ್ಡ ಬರ ಕಂಡವಳಂತೆ. ಜನ ಗೆಡ್ಡೆಗೆಣಸು ಅಗೆದು ತಿಂದು ಸತ್ತ ಕಥೆಗಳನ್ನು ಮಗಳಿಗೆ ಹಾಲಿನ ಜೊತೆ ಕುಡಿಸಿದ್ದಳು. ಯುದ್ಧ ಅನ್ನುವ ಮಾತು ಕಿವಿಗೆ ಬಿದ್ದದ್ದೇ ಅತ್ತೆ ಆ ವರ್ಷದ ರಾಗಿಯನ್ನೆಲ್ಲ ನೆಲದೊಳಗೆ ಇಳಿಸಿ, ಚಪ್ಪಡಿ ಮುಚ್ಚಿ, ಅದರ ಮೇಲೆ ಕರು ಕಟ್ಟಿದರು. ಅದೇ ನಮ್ಮ ಮನೆಯ ಕೊನೆಯ ರಾಗಿ ಬೆಳೆ. ಮರುವರ್ಷದಿಂದ ಹೊಲವೆಲ್ಲ ಗದ್ದೆಯಾಯಿತು, ಹೆಚ್ಚಿನದು ಕಬ್ಬು.

ಯುದ್ಧ ಎಳೆಯುತ್ತಾ ಹೋಯಿತು. ಭತ್ತ ಲೆವಿಗೆ, ಅಂದರೆ ಸರ್ಕಾರದ ಕಡ್ಡಾಯ ವಸೂಲಿಗೆ, ಹೋಯಿತು, ಕಬ್ಬು ಮಂಡ್ಯದ ಕಾರ್ಖಾನೆಗೆ ಹೋಯಿತು. ಕೈಯಲ್ಲಿ ಕಬ್ಬಿನ ದುಡ್ಡಿದ್ದರೂ ಸಂತೆಯಲ್ಲಿ ಕೊಳ್ಳಲು ಕಾಳಿರಲಿಲ್ಲ. ರೇಷನ್ ಕೊಡುವ ಕಂಟ್ರೋಲ್ ಡಿಪೋದಲ್ಲಿ ಒಂದು ವಾರ ಮುಗ್ಗಲು ಜೋಳ, ಇನ್ನೊಂದು ವಾರ ಗೋಧಿ, ಮತ್ತೊಂದು ವಾರ ಬಾಗಿಲಿಗೆ ಬೀಗ. ಗೋಧಿಯನ್ನು ಏನು ಮಾಡಬೇಕೆಂದು ಯಾರಿಗೆ ಗೊತ್ತಿತ್ತು? ಹಿಟ್ಟು ಬೀಸಿ ಮುದ್ದೆ ತೊಳಸಲು ಹೋದೆ. ಕೋಲಿಗೆ ಅಂಟಿತು, ಕೈಗೆ ಅಂಟಿತು, ಗಂಟಲಿಗೂ ಅಂಟಿತು. ನನ್ನ ಗಂಡ ತಟ್ಟೆ ತಳ್ಳಿ ಎದ್ದು ಹೋದರು.

ಲೆವಿ ವಸೂಲಿ ಮಾಡುವ ಅಧಿಕಾರಿ ಶೇಕ್‌ದಾರ ಒಂದು ದಿನ ಆಳುಗಳ ಸಮೇತ ಬಂದು ಮನೆಯೆಲ್ಲ ತಡಕಿದ. ಅಟ್ಟ ಹತ್ತಿಸಿದ, ಗಡಿಗೆ ಇಳಿಸಿದ. ಕೊನೆಗೆ ಕೊಟ್ಟಿಗೆಗೆ ಬಂದು ಸರಿಯಾಗಿ ಆ ಚಪ್ಪಡಿಯ ಮೇಲೇ ನಿಂತುಕೊಂಡ. ಕರು ಅವನ ಪಂಚೆಯ ಚುಂಗು ನೆಕ್ಕತೊಡಗಿತು.

“ರಾಗಿ ಎಲ್ಲಮ್ಮ ಬಚ್ಚಿಟ್ಟಿದ್ದೀರಿ?” ಅಂದ.

“ಬಚ್ಚಿಡಕೆ ಇದ್ರಲ್ವಾ ಬುದ್ಧಿ? ನಮ್ದು ಕಬ್ಬಿನ್ ಗದ್ದೆ. ಬೇಕಾದ್ರೆ ಸೋಗೆ ಅಳ್ದ್ಕಂಡ್ ಓಗಿ” ಅಂದರು ಅತ್ತೆ.

ಆಗಿನ್ನೂ ಹಸು ಕರೆಯುತ್ತಿತ್ತು. ಅವನು ನಕ್ಕು, ಮಜ್ಜಿಗೆ ಕುಡಿದು ಹೋದ. ಅವನು ಬೀದಿ ದಾಟುವವರೆಗೂ ಗಟ್ಟಿಯಾಗಿ ನಿಂತಿದ್ದ ಅತ್ತೆ ಆಮೇಲೆ ಅದೇ ಕಲ್ಲಿನ ಮೇಲೆ ಕೂತುಬಿಟ್ಟರು.

ಮುಂದಿನ ಮಳೆಗಾಲದಲ್ಲಿ ನಾನು ತುಂಬು ಬಸುರಿ. ಮೊದಲ ಹೆರಿಗೆ, ತವರಿಗೆ ಹೋಗಬೇಕಿತ್ತು. ಆದರೆ ನಾಲೆಯ ಜೊತೆಗೆ ಬಂದ ಚಳಿಜ್ವರ ನನ್ನನ್ನೂ ಹಿಡಿದಿತ್ತು, ಗಾಡಿ ಹತ್ತುವ ಹಾಗಿರಲಿಲ್ಲ. ಅಲ್ಲೇ ಹೆತ್ತೆ, ಹೆಣ್ಣು ಮಗು. ನಮ್ಮಲ್ಲಿ ಹುಟ್ಟಿದ ಕೂಸನ್ನು ಮೊರದ ತುಂಬ ರಾಗಿ ಹರಡಿ, ಮೇಲೆ ಹಳೇ ಸೀರೆ ಹಾಸಿ ಮಲಗಿಸುವುದು ವಾಡಿಕೆ. ಗಡಿಗೆಗಳನ್ನೆಲ್ಲ ಬೋರಲು ಹಾಕಿ ತಟ್ಟಿದರೂ ಸಿಕ್ಕಿದ್ದು ಒಂದು ಹಿಡಿ. ಅತ್ತೆ ಆ ಹಿಡಿಯನ್ನು ಮೊರದ ಮೂಲೆಯಲ್ಲಿ ಹಾಕಿದರು. ಕೂಸು ಬರೀ ಬಿದಿರಿನ ಮೇಲೆ ಮಲಗಿತು.

ನನ್ನ ಎದೆಯಲ್ಲಿ ಹಾಲಿರಲಿಲ್ಲ. ಬಾಣಂತಿಗೆ ಸೊಪ್ಪು ಬೇಯಿಸಿದ ನೀರು, ಮುಗ್ಗಲು ಜೋಳದ ಗಂಜಿ ಕೊಟ್ಟರೆ ಹಾಲು ಎಲ್ಲಿಂದ ಬರಬೇಕು? ಹಸು ಅಷ್ಟು ಹೊತ್ತಿಗೆ ಬತ್ತಿಹೋಗಿತ್ತು. ಪಕ್ಕದ ಮನೆಯ ಬಾಣಂತಿ ದಿನಕ್ಕೊಂದು ಸಲ ಬಂದು ತನ್ನ ಎದೆ ಕೊಟ್ಟು ಹೋಗುತ್ತಿದ್ದಳು, ಅವಳದ್ದೂ ಅರೆಹೊಟ್ಟೆಯೇ. ಕೂಸು ಮೊದಮೊದಲು ಕಿರುಚಿ ಅಳುತ್ತಿತ್ತು. ಆಮೇಲೆ ಕುಂಯ್ ಅನ್ನುತ್ತಿತ್ತು. ಆಮೇಲೆ ಅದೂ ನಿಂತಿತು. ನೋಡಲು ಬಂದ ಒಬ್ಬಳು, “ಎಷ್ಟ್ ಸಮಾಧಾನದ ಕೂಸವ್ವ, ಅಳದೇ ಇಲ್ಲ” ಅಂದಳು. ಅವಳ ಬಾಯಿಗೆ ಬೂದಿ ಹಾಕಬೇಕು ಅನ್ನಿಸಿತು. ಅಳುವುದಕ್ಕೆ ಅದರಲ್ಲಿ ಶಕ್ತಿಯೇ ಉಳಿದಿರಲಿಲ್ಲ.

“ಅತ್ತೆ, ಅಗೇವು ತಗ್ಸಿ” ಅಂದೆ.

“ಈ ಮಳೇಲಾ? ಕಾಳೆಲ್ಲ ತಂಡಿ ಇಡ್ಕತದೆ ಕಣವ್ವ. ತಗದ್ ಮ್ಯಾಕೆ ಎಲ್ಲಿ ಬಚ್ಚಿಡಾನ? ಊರೋರೆಲ್ಲ ನೋಡ್ತಾರೆ, ನಾಳೀಕೆ ಶೇಕ್ದಾರ ಗಾಡಿ ತಂದು ನಿಲ್ಲುಸ್ತಾನೆ. ಇನ್ನೂ ಕೆಟ್ ಕಾಲ ಬತ್ತದೆ, ಆಗ ಬೇಕಾಯ್ತದೆ.”

“ಇದ್ಕಿಂತ ಕೆಟ್ ಕಾಲ ಯಾವ್ದತ್ತೆ? ನಿಮ್ ಮೊಮ್ಮಗಳ ಮೊಕ ನೋಡಿ. ಕಲ್ ಕೆಳ್ಗೆ ರಾಗಿ ಮಡೀಕಂಡು ಕೂಸ್ನ ಮಣ್ಮಾಡ್ತೀರಾ?”

ಅತ್ತೆಗೆ ನಾನು ಹಾಗೆ ಎದುರು ಮಾತಾಡಿದ್ದು ಅದೇ ಮೊದಲು. ಅವರು ಎದ್ದುಹೋದರು. ಅವತ್ತು ಅವರ ಮೇಲೆ ಬಂದಷ್ಟು ಸಿಟ್ಟು ನನಗೆ ಜನ್ಮದಲ್ಲಿ ಯಾರ ಮೇಲೂ ಬಂದಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಕರು ಅಂಗಳದಲ್ಲಿತ್ತು. ಅತ್ತೆಯೇ ಬಿಚ್ಚಿ ತಂದು ಅಲ್ಲಿ ಕಟ್ಟಿದ್ದರು.

“ಕಲ್ ಎಬ್ಬುಸ್ಲಾ” ಅಂದರು ಮಗನಿಗೆ.

ಹಾರೆ ಹಾಕಿ ಚಪ್ಪಡಿ ಸರಿಸಿದ ಕೂಡಲೇ ಹುಳಿ ಹುಳಿ ವಾಸನೆ ಮೇಲೆ ಬಂತು. ನನ್ನ ಗಂಡ ಮೂಗು ಮುಚ್ಚಿಕೊಂಡರು. ಅತ್ತೆ ಮಾತ್ರ, “ವರ್ಸಗಟ್ಲೆ ಮುಚ್ಚಿದ್ದು ಇನ್ನೆಂಗಿದ್ದದು?” ಅಂದರು. ಮುಚ್ಚಿಟ್ಟ ಹಗೇವಿನ ಗಾಳಿ ಆಳನ್ನು ಕೊಲ್ಲುತ್ತದೆ. ಅದಕ್ಕೆ ಮೊದಲು ದೀಪ ಇಳಿಸಿ ನೋಡುವುದು. ದೀಪ ಬಾಯಿ ದಾಟಿದ್ದೇ ನಂದಿತು. ಮತ್ತೆ ಹಚ್ಚಿ ಇಳಿಸಿದರೂ ನಂದಿತು. ಗಾಳಿಯಾಡಲಿ ಅಂತ ಒಂದು ದಿನ ಪೂರ್ತಿ ಕಾಯಬೇಕಾಯಿತು. ಆ ದಿನ ನಾನು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಬಿಸಿ ಮುದ್ದೆಯ ಕನಸು ಕಾಣುತ್ತಾ ಕೂತಿದ್ದೆ. ನಾಳೆ ಉಂಡರೆ ನಾಡಿದ್ದು ಹಾಲು ಬರುತ್ತದೆ, ಅಲ್ಲಿಯವರೆಗೆ ಉಸಿರು ಹಿಡಿದುಕೋ ಅಂತ ಅದರ ಕಿವಿಯಲ್ಲಿ ಹೇಳುತ್ತಿದ್ದೆ.

ಮರುದಿನ ದೀಪ ಉರಿಯಿತು. ನನ್ನ ಗಂಡ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದರು. ಮೊದಲ ಮಂಕರಿ ಮೇಲೆ ಬಂತು. ಕಪ್ಪಗೆ, ಹೆಂಟೆ ಹೆಂಟೆಯಾಗಿ ಕಟ್ಟಿಕೊಂಡಿತ್ತು.

“ಅಂಚಿಂದು ಕೆಡದೇಯ. ನಡೂಕ್ ಅಗೀಲಾ, ನಡೂವ್ಲುದ್ದು ಚೆನ್ನಾಗಿರ್ತದೆ” ಅಂದರು ಅತ್ತೆ.

ಎರಡನೆಯದೂ ಕಪ್ಪು. ಮೂರನೆಯದೂ ಕಪ್ಪು. ಅತ್ತೆ ಪ್ರತಿ ಮಂಕರಿಗೂ ಕೈ ಹಾಕಿ ಹೆಂಟೆ ಒಡೆದು ನೋಡುತ್ತಿದ್ದರು. ಕೊನೆಗೆ ಒಳಗಿನಿಂದ ನನ್ನ ಗಂಡ ಕೂಗಿದರು: “ಅವ್ವಾ, ಕಾಲಡೀಲಿ ನೀರದೆ ಕಣವ್ವಾ!”

ಅತ್ತೆ ಎದ್ದು ಹಿತ್ತಲಿಗೆ ಹೋಗಿ ಬಾವಿಯ ಹತ್ತಿರ ನಿಂತರು. ನೀರು ಕೈಗೆ ಸಿಗುವಷ್ಟು ಮೇಲಿತ್ತು. ಹಗೇವಿನ ತಳ ಅದಕ್ಕಿಂತ ಎಷ್ಟೋ ಕೆಳಗೆ. ತಲೆಮಾರುಗಳಿಂದ ರಾಗಿ ಕಾದ ನೆಲ ಅದು, ಆದರೆ ಆಗ ಅದು ಒಣ ನೆಲವಾಗಿತ್ತು. ನಾಲೆ ಬಂದ ಮೇಲೆ ಊರಿನ ಮಣ್ಣೇ ನೀರು ಕುಡಿದು ಕೂತಿತ್ತು. ನಾವು ಬಾವಿಗೆ ಕೈಮುಗಿಯುತ್ತಿದ್ದಾಗಲೇ ಅದೇ ನೀರು ಗೋಡೆಯಾಚೆ ನಮ್ಮ ರಾಗಿಯನ್ನು ಕೊಳೆಸುತ್ತಿತ್ತು. ಇಷ್ಟು ಜನರಿದ್ದೆವು, ಒಬ್ಬರಿಗೂ ಹೊಳೆಯಲಿಲ್ಲ.

ಇದ್ದುದರಲ್ಲಿ ಕೊಂಚ ವಾಸಿಯಾದದ್ದನ್ನು ತೊಳೆದು, ಹುರಿದು, ಅಂಬಲಿ ಕಾಸಿ ಕುಡಿದೆ. ಬೇವಿಗಿಂತ ಕಹಿ. ಕುಡಿದದ್ದಷ್ಟೂ ಕಕ್ಕಿದೆ. ಉಳಿದದ್ದನ್ನು ಕೋಳಿಗಳೂ ಕೆದಕಿ ಬಿಟ್ಟುಹೋದವು. ಇನ್ನು ಮುಗಿಯಿತು ಅಂತ ನಾನು ಗೋಡೆ ಕಡೆ ತಿರುಗಿ ಮಲಗಿದೆ. ಅತ್ತೆ ಬಂದು ಮಗುವನ್ನು ಎತ್ತಿ ತಮ್ಮ ಸೆರಗಿನಲ್ಲಿ ಸುತ್ತಿಕೊಂಡರು.

“ಏಳವ್ವ, ನಿಮ್ಮೂರ್ಗೆ ಓಗವ.”

ಹನಕೆರೆಯಲ್ಲಿ ರೈಲು ಹತ್ತಿ ಮದ್ದೂರಿಗೆ, ಅಲ್ಲಿಂದ ಮಳವಳ್ಳಿಗೆ ಪೆಟ್ರೋಲ್ ಬದಲು ಇದ್ದಿಲಿನಲ್ಲಿ ಓಡುವ ಬಸ್ಸು. ದಿಣ್ಣೆ ಬಂದ ಕಡೆಯೆಲ್ಲ ಬಸ್ಸು ಕೆಮ್ಮಿ ನಿಲ್ಲುತ್ತಿತ್ತು. ಜನ ಇಳಿದು ತಳ್ಳುತ್ತಿದ್ದರು. ಬಸ್ಸು ನಿಂತಾಗಲೆಲ್ಲ ನಾನು ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದೆ. ಅತ್ತೆ ನನ್ನ ಬೆರಳನ್ನೇ ನೋಡುತ್ತಿದ್ದರು.

ತವರಿನ ಒಲೆಯ ಮೇಲೂ ಸೊಪ್ಪೇ ಬೇಯುತ್ತಿತ್ತು. ಮನೆಯೊಳಗಿನ ಕಾಳು ಲೆವಿಗೆ ಹೋಗಿತ್ತು, ಕೊಯ್ಲು ದೂರವಿತ್ತು. ನನ್ನ ತಮ್ಮ ತಂಗಿಯರ ಪಕ್ಕೆಲುಬು ಎಣಿಸಬಹುದಿತ್ತು. ಉಳಿದದ್ದು ಹಗೇವೊಂದೇ, ಅಪ್ಪ ಅದನ್ನು ಕೊಯ್ಲಿಗೆ ಮುಂಚಿನ ಕೊನೆಯ ತಿಂಗಳಿಗೆ ಅಂತ ಕಾದಿಟ್ಟಿದ್ದ. ಅತ್ತೆ ಜಗಲಿ ಹತ್ತಲಿಲ್ಲ, ಅಂಗಳದಲ್ಲೇ ನಿಂತರು.

“ಬೀಗ್ರೆ, ನಮ್ ಅಗೇವು ಕೊಳ್ತೋಯ್ತು. ನಿಮ್ದು ತಗೀರಿ ಅಂತ ಕೇಳಕ್ ಬಂದಿವ್ನಿ.”

ಅಪ್ಪ ತಲೆ ತಗ್ಗಿಸಿದ. ಏನು ಕೇಳುತ್ತಿದ್ದಾರೆ ಅನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ತೆಗೆದರೆ ಪೂರ್ತಿ ತೆಗೆಯಬೇಕು, ತೆಗೆದದ್ದು ಊರಿಗೂ ಸರ್ಕಾರಕ್ಕೂ ಹೋಗಿ ಅವರಿಗೆ ಉಳಿಯುವುದಿಲ್ಲ. ಅವ್ವ ನನ್ನ ತಮ್ಮ ತಂಗಿಯರನ್ನು ನೋಡಿದಳು. ಆಮೇಲೆ ಸೆರಗಿನೊಳಗಿನ ಮಗುವನ್ನು ನೋಡಿದಳು. ಅವಳು ಆಗುವುದಿಲ್ಲ ಅಂದಿದ್ದರೂ ನಾನು ಅವಳನ್ನು ಬಯ್ಯುತ್ತಿರಲಿಲ್ಲ. ಆದರೆ ಹಾಗೆ ಅಂದುಬಿಡುತ್ತಾಳೆ ಅಂತ ನನ್ನ ಜೀವ ಬಾಯಿಗೆ ಬಂದಿತ್ತು.

“ನಿಮ್ ನಾಲೆ ನೀರು ಏನಾಯ್ತು ಬೀಗಿತ್ತಿ?” ಅಂದಳು ಅವ್ವ.

“ಅದೇ ತಿಂದೋಯ್ತು ಕಣವ್ವ” ಅಂದರು ಅತ್ತೆ.

ಅವ್ವ ಒಳಗೆ ಹೋಗಿ ಮೂಲೆಯಲ್ಲಿದ್ದ ಹಾರೆ ತಂದು ಅಪ್ಪನ ಕೈಗೆ ಕೊಟ್ಟಳು.

ಅಲ್ಲಿ ಎರಡನೇ ಸಲ ಇಳಿಸಿದ ದೀಪ ನೆಟ್ಟಗೆ ಉರಿಯಿತು. ಮೇಲೆ ಬಂದ ರಾಗಿ ಕೆಂಪಗೆ, ಬಿಡಿಬಿಡಿಯಾಗಿ ಮಂಕರಿಯಿಂದ ಸುರಿಯಿತು. ಬೀದಿಯವರೆಲ್ಲ ಮೊರ ಹಿಡಿದು ಬಂದರು. ಬಂದವರನ್ನು ಬರಿಗೈಲಿ ಕಳಿಸುವುದು ಹೇಗೆ? ಎಲ್ಲರಿಗೂ ಅವ್ವ ಹಾಕಿದಳು. ಅತ್ತೆ ರಾಶಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಮೊಳಕೈವರೆಗೂ ಕೈ ತೂರಿಸಿ, “ಬೆಚ್ಗದೆ ಕಣವ್ವ, ಬೆಚ್ಗದೆ” ಅಂತ ಅಳತೊಡಗಿದರು. ಆಮೇಲೆ ತಾವೇ ಒಂದು ಮೊರ ತಂದು, ತುಂಬ ರಾಗಿ ಹರಡಿ, ಸೀರೆ ಹಾಸಿ ಕೂಸನ್ನು ಅದರ ಮೇಲೆ ಮಲಗಿಸಿದರು.

ಎರಡು ದಿನಕ್ಕೆ ಅಧಿಕಾರಿಗಳು ಬಂದು ಉಳಿದದ್ದನ್ನು ಅಳೆದು ಗಾಡಿಗೆ ಹಾಕಿಸಿಕೊಂಡು ಹೋದರು. ಅಪ್ಪ ತಕರಾರು ಮಾಡಲಿಲ್ಲ. ನನ್ನ ಪಾಲಿನದನ್ನು ಅವ್ವ ಮೊದಲೇ ಗಡಿಗೆಗೆ ತುಂಬಿ ಬಚ್ಚಿಟ್ಟಿದ್ದಳು, ಬಚ್ಚಿಡಲು ಆದದ್ದು ಅಷ್ಟೇ. ಆ ವರ್ಷ ಕೊಯ್ಲಿನವರೆಗೂ ನನ್ನ ತಮ್ಮ ತಂಗಿಯರು ಅರೆಹೊಟ್ಟೆಯಲ್ಲಿ ಮಲಗಿದರು. ನನ್ನ ತಟ್ಟೆಯ ಮುದ್ದೆಯನ್ನು ಅವರು ನೋಡುತ್ತಿದ್ದ ನೋಟ ಈಗಲೂ ಊಟಕ್ಕೆ ಕೂತಾಗ ನೆನಪಿಗೆ ಬರುತ್ತದೆ. ನಾನು ಗೋಡೆಯ ಕಡೆ ತಿರುಗಿಕೊಂಡು ಉಣ್ಣುತ್ತಿದ್ದೆ.

ಒಂದು ವಾರವಾದರೂ ಮಗು ಹಾಗೇ ಇತ್ತು, ಅತ್ತೆಯೂ ಊರಿಗೆ ಹೋಗದೆ ಅದರ ಪಕ್ಕದಲ್ಲೇ ಇದ್ದರು. ಹಾಲು ಒಂದೊಂದೇ ಹನಿ ಬರುತ್ತಿತ್ತು. ಅದು ಎರಡು ಸಲ ಚೀಪಿ ನಿದ್ದೆಹೋಗುತ್ತಿತ್ತು. ಆಮೇಲೊಂದು ಬೆಳಿಗ್ಗೆ ನಾನು ಹಿತ್ತಲಲ್ಲಿದ್ದೆ. ಒಳಗಿನಿಂದ ಒಂದು ಕೂಗು ಕೇಳಿಸಿತು. ಓಡಿಬಂದೆ. ಅವ್ವ ಒಲೆ ಬಿಟ್ಟು ಬಂದಳು. ಮೊರದಲ್ಲಿ ನನ್ನ ಮಗಳು ಕೈಕಾಲು ಬಡಿಯುತ್ತಾ, ಮುಖ ಕೆಂಪು ಮಾಡಿಕೊಂಡು, ಹಸಿವಿನ ಸಿಟ್ಟಿನಲ್ಲಿ ಮನೆ ಹಾರಿಹೋಗುವ ಹಾಗೆ ಅರಚುತ್ತಿದ್ದಳು. ಎತ್ತಿಕೊಳ್ಳಲು ಬಗ್ಗಿದ ನನ್ನ ಕೈಯನ್ನು ಅತ್ತೆ ಹಿಡಿದುಕೊಂಡರು.

“ವಸಿ ತಡಿಯವ್ವ” ಅಂದರು. “ಇನ್ನೊಂದ್ ಗಳ್ಗೆ ಕೇಳ್ಕತೀನಿ.”