ತಾಗದ ಕೋಲು

ತೊಂಬತ್ತರ ದಶಕದಲ್ಲಿ ನಾವು ಪುಟ್ಟೇನಹಳ್ಳಿಯಲ್ಲಿ ಮನೆ ಕಟ್ಟಿದಾಗ ಅದು ಇನ್ನೂ ಹಳ್ಳಿಯೇ. ಜೆ.ಪಿ. ನಗರದಲ್ಲಿ ಬಸ್ಸಿಳಿದು ಮಣ್ಣುದಾರಿಯಲ್ಲಿ ನಡೆಯಬೇಕಿತ್ತು. ಗಣೇಶನ ಹಬ್ಬಕ್ಕೆ ಊರಿನ ಗಂಡಸರು ಕೋಲಾಟ ಆಡುತ್ತಿದ್ದರು. ಅಭ್ಯಾಸ ಸಂಜೆ ಆರಕ್ಕೆಂದರೆ ನಾನು ಅದಕ್ಕೂ ಮೊದಲೇ ಹಾಜರು. ಆ ಒಂದು ಗುಣಕ್ಕೇ ಇರಬೇಕು, ಹೊರಗಿನವನಾದ ನನ್ನ ಕೈಗೆ ತಾಳ ಕೊಟ್ಟರು.

ಹಾಡು ಹೇಳಿ ಆಡಿಸುತ್ತಿದ್ದವರು ಪಕ್ಕದ ಮನೆಯ ಹಿರಿಯರು. ಬೇಸಾಯ ಬಿಟ್ಟು ಬಾಡಿಗೆ ಮನೆ ಕಟ್ಟಿಸಿದ್ದರೂ ಕೋಲಾಟ ಬಿಟ್ಟಿರಲಿಲ್ಲ. ಅವರ ತಮ್ಮನೂ ಆಟಗಾರ. ಅಭ್ಯಾಸ ನಡೆಯುತ್ತಿದ್ದುದು ಅವರಿಬ್ಬರಿಗೂ ಸೇರಿದ ರಾಗಿಕಣದಲ್ಲಿ. ಒಂದು ವರ್ಷ ತಮ್ಮ ತನ್ನ ಅರ್ಧವನ್ನು ಸೈಟು ಮಾಡಿ ಮಾರಿದ. ಕಣದ ನಡುವೆ ಕಲ್ಲುಕಂಬದ ಬೇಲಿ ಬಂತು, ಅಣ್ಣತಮ್ಮಂದಿರ ಮಾತು ನಿಂತಿತು.

"ಅವ್ನಿಲ್ದೆ ಜೋಡಿ ಕೂಡಲ್ಲ ಸಾರ್. ಬೇರೆ ಆಳೂ ಇಲ್ಲ. ಈ ವರ್ಷ ನಿಂತ್ರೆ ಮತ್ತೆ ಏಳಲ್ಲ ಇದು," ಎಂದು ಹಿರಿಯರು ತಮ್ಮನನ್ನು ಕರೆತರಲು ನನ್ನನ್ನು ಕಳಿಸಿದರು.

"ಊರಿಗೋಸ್ಕರ ಬರ್ತೀನಿ, ಅವ್ನಿಗೋಸ್ಕರ ಅಲ್ಲ," ಎಂದ ತಮ್ಮ.

ಕೋಲಾಟದಲ್ಲಿ ಎರಡು ಸುತ್ತು. ಒಳಗಿನವರು ಒಂದು ಕಡೆಗೆ, ಹೊರಗಿನವರು ಇನ್ನೊಂದು ಕಡೆಗೆ ಸರಿಯುತ್ತಾರೆ. ಒಳಗಿನ ಪ್ರತಿಯೊಬ್ಬರೂ ಹೊರಗಿನ ಪ್ರತಿಯೊಬ್ಬರಿಗೂ ಎದುರಾಗಲೇಬೇಕು. ಅಣ್ಣ ಒಳಸುತ್ತಿನಲ್ಲಿ, ತಮ್ಮ ಹೊರಸುತ್ತಿನಲ್ಲಿ. ಹಬ್ಬದ ದಿನ ದೇವಸ್ಥಾನದ ಮುಂದೆ ಇಬ್ಬರೂ ಎದುರಾದಾಗ ಅಣ್ಣನ ಕೋಲು ಮುಂದೆ ಬಂತು. ತಮ್ಮನ ಕೋಲು ಗಾಳಿಯಲ್ಲೇ ನಿಂತಿತು. ಪಕ್ಕದಲ್ಲಿದ್ದ ನನಗೆ ಆ ಇಲ್ಲದ ಪೆಟ್ಟು ಸ್ಪಷ್ಟವಾಗಿ ಕೇಳಿತು. ಮುಂದಿನ ಸುತ್ತಿನಲ್ಲೂ ಹಾಗೆಯೇ.

"ಯಾಕಪ್ಪಾ, ಸೈಟ್ ಮಾರಿದ್ಮೇಲೆ ಕೋಲು ಭಾರ ಆಯ್ತಾ?" ಎಂದು ನೋಡುತ್ತಿದ್ದ ಹೆಂಗಸೊಬ್ಬರು ಕೂಗಿದರು. ಕೆಲವರು ನಕ್ಕರು.

ಮತ್ತೆ ಎದುರಾದಾಗ ಹಿರಿಯರು ಹಾಡು ನಿಲ್ಲಿಸಿದರು.

"ಕೋಲಿಗ್ ಕೋಲ್ ತಾಗ್ಸೋಕೂ ಆಗಲ್ವೇನೋ ನಿಂಗೆ?"

"ಹೊಡೆದ್ರೆ ಕೋಲಿಗೆ ಬೀಳಲ್ಲ ಅದು. ಸುಮ್ನಿರು."

ಹಿರಿಯರು ಕೋಲುಗಳನ್ನು ನೆಲದ ಮೇಲಿಟ್ಟು, ಹೋಗಿ ಜಗಲಿಯಲ್ಲಿ ಕುಳಿತರು. ಉಳಿದವರು ನಿಂತಲ್ಲೇ ನಿಂತಿದ್ದರು. ಹಾಡುವವರು ಕೈಯೆತ್ತಿದಾಗಲೇ ತಾಳ ನಿಲ್ಲಿಸಬೇಕೆಂಬುದು ಕ್ರಮ. ಅವರು ಕೈಯೆತ್ತಲಿಲ್ಲ, ನಾನು ಬಾರಿಸುತ್ತಲೇ ಇದ್ದೆ. ಇನ್ನೇನು ಎದ್ದು ಬರುತ್ತಾರೆ ಎಂದುಕೊಂಡೆ. ಜನ ಚಪ್ಪಲಿ ಹುಡುಕತೊಡಗಿದರು. ಕೊನೆಗೆ ತಮ್ಮನೇ ಬಂದು ನನ್ನ ಕೈ ಹಿಡಿದ.

"ಬಿಡಿ ಸಾರ್, ಮುಗೀತು."

ಮರುವರ್ಷ ಹಬ್ಬಕ್ಕೆ ಆರ್ಕೆಸ್ಟ್ರಾ ಬಂತು. ನೋಡುವವರಿಗೆ ಕುರ್ಚಿ ಹಾಕಿಸಿದ್ದರು.