ಪ್ಲಿಮತ್ ಕಾರಿನ ಡಿಕ್ಕಿ

ಅಮೆರಿಕದ ಕಾರು ಅಂದರೆ ಸವಳಂಗದ ಚಿಕ್ಕಹನುಮಂತಪ್ಪನ ಬಾಯಲ್ಲಿ ಉಗುಳು ಕೂಡುತ್ತದೆ. ಆಸೆಯ ಉಗುಳಲ್ಲ, ಥೂ ಅನ್ನುವ ಉಗುಳು. ಅವನಷ್ಟು ಕಾಲ ಅಂಥ ಕಾರುಗಳ ಜೊತೆ ಏಗಿದವರು ಆ ಸೀಮೆಯಲ್ಲೇ ಇಲ್ಲ. ತೊಳೆದಿದ್ದಾನೆ, ತಳ್ಳಿದ್ದಾನೆ, ಕುದಿಯುವ ರೇಡಿಯೇಟರಿಗೆ ಹಳ್ಳದ ನೀರು ಹೊತ್ತು ತಂದು ಸುರಿದಿದ್ದಾನೆ. ಒಳಗೆ ಕೂತಿಲ್ಲ, ಅಷ್ಟೇ.

ಅವನು ದುಡಿದದ್ದು ಮರುಳಪ್ಪಗೌಡರ ಮನೆಯಲ್ಲಿ. ಗೌಡರಿಗೆ ಕಾರಿನ ಹುಚ್ಚು. ಮೊದಲು ಇದ್ದದ್ದು ಯುದ್ಧಕ್ಕೂ ಹಿಂದಿನ ಷೆವರ್ಲೆ. ಮೊರದಂಥ ಮಡ್‌ಗಾರ್ಡು, ಎರಡೂ ಪಕ್ಕ ಕಾಲಿಟ್ಟು ಹತ್ತುವ ಹಲಗೆ. ಮೀಸೆ ಮೂಡುವ ವಯಸ್ಸಿನ ಹನುಮಂತಪ್ಪ ಆ ಹಲಗೆಯ ಮೇಲೆ ನಿಂತು, ಕಿಟಕಿಯ ಅಂಚು ಹಿಡಿದು, ಧೂಳು ಕುಡಿಯುತ್ತ ಹೊನ್ನಾಳಿಗೂ ನ್ಯಾಮತಿಗೂ ಹೋಗಿ ಬರುತ್ತಿದ್ದ. ಟೈರು ಪಂಚರಾದರೆ, ಚಕ್ರ ಕೆಸರಲ್ಲಿ ಹೂತರೆ ಅವನ ರಟ್ಟೆ ಬೇಕು. ಒಳಗೆ ಮಾತ್ರ ಅವನು ಬೇಡ. ಗೌಡರ ಕಾನೂನು ಬಲು ಸಲೀಸು: ಕಬ್ಬಿಣಕ್ಕೆ ಮೈಲಿಗೆ ತಟ್ಟುವುದಿಲ್ಲ, ಮೆತ್ತೆಗೆ ತಟ್ಟುತ್ತದೆ. ಹಾಗಾಗಿ ಅವನು ಬಾನೆಟ್ಟು ಒರೆಸಬಹುದು, ಸೀಟು ಮುಟ್ಟುವ ಹಾಗಿಲ್ಲ. ಸೀಟಿನ ಧೂಳು ಹೊಡೆಯಲಿಕ್ಕೆ ಡ್ರೈವರ್ ಸಣ್ಣತಿಮ್ಮಪ್ಪ ಇದ್ದ. ಇಂಥ ಶಾಸ್ತ್ರ ಮಾಡಿದವರ ಬಾಯಿಗೆ ಮಣ್ಣು ಬೀಳ!

ಆಮೇಲೆ ಅಮೆರಿಕದವರಿಗೆ ಏನು ಹೊಳೆಯಿತೋ, ಹೊಸ ಕಾರುಗಳಿಗೆ ಹಲಗೆ ಇಡುವುದನ್ನೇ ಬಿಟ್ಟರು. ಅರವತ್ತರ ದಶಕದಲ್ಲಿ ಗೌಡರು ಸೆಕೆಂಡ್ ಹ್ಯಾಂಡಲ್ಲಿ ತಂದ ಐವತ್ತೇಳರ ಮಾಡೆಲ್ ಪ್ಲಿಮತ್ತಿಗೆ ಹಿಂದೆ ಮೀನಿನ ರೆಕ್ಕೆ, ಮುಂದೆ ಕಣ್ಣು ಕುಕ್ಕುವ ಬೆಳ್ಳಿ ಪಟ್ಟಿ, ನುಣ್ಣಗಿನ ಮೈ. ಆಳು ನಿಲ್ಲುವುದೆಲ್ಲಿ? ಗೌಡರು ಕಾರಿನ ಸುತ್ತ ಒಂದು ಸಲ ನಡೆದು ನೋಡಿದರು. "ಡಿಕ್ಕಿ ಐತಲ್ಲ, ಅಲ್ಲಿ ಕೂರ್ಲಿ ಬಿಡು," ಅಂದರು. ಡಿಕ್ಕಿ ಕಬ್ಬಿಣದ್ದು.

ಎಪ್ಪತ್ತರ ದಶಕದಲ್ಲಿ ಪೆಟ್ರೋಲು ಕೈಗೆಟುಕದಂತಾಯಿತು. ಕಾರು ಕೊಟ್ಟಿಗೆ ಸೇರಿತು, ಕೋಳಿಗಳು ಅದರ ಮೆತ್ತೆಯ ಮೇಲೆ ಮೊಟ್ಟೆಯಿಟ್ಟವು. ಕೋಳಿಗೆ ಇದ್ದ ಯೋಗ ಹನುಮಂತಪ್ಪನಿಗೆ ಇರಲಿಲ್ಲ ನೋಡಿ. ಅವನು ಗೌಡರ ಮನೆ ಬಿಟ್ಟು ಅಡಿಕೆ ಸುಲಿಯುವ ಕೂಲಿಗೆ ಹೋದ, ಮದುವೆಯಾದ, ಮಕ್ಕಳನ್ನು ಓದಿಸಿದ, ಮನೆಯಲ್ಲಿ ಬುದ್ಧನ ಪಟ ಹಾಕಿದ. ಬಸ್ಸಲ್ಲಿ ಕಿಟಕಿ ಸೀಟು ಸಿಗದಿದ್ದರೆ ಮುಂದಿನ ಬಸ್ಸಿಗೆ ಕಾಯುವುದು ಅವನ ಚಾಳಿ. ಹಲಗೆಯ ಕತೆಯನ್ನು ಮೊಮ್ಮಗಳು ಯಶೋಧರೆಗೆ ಹೇಳಿದ್ದ. ಡಿಕ್ಕಿಯದ್ದನ್ನು ಹೆಂಡತಿಗೂ ಹೇಳಿರಲಿಲ್ಲ. ನೆನೆದರೆ ತನ್ನ ಮೈ ಮೇಲೆ ತನಗೇ ಅಸಹ್ಯವಾಗುತ್ತಿತ್ತು.

ಮೊನ್ನೆ ಮೊನ್ನೆ ಗೌಡರ ಮೊಮ್ಮಗ ನಾಗರಾಜ್ ಮನೆಗೇ ಬಂದ. ಕೊಟ್ಟಿಗೆಯ ಪ್ಲಿಮತ್ತನ್ನು ಒಯ್ದು, ರಿಪೇರಿ ಮಾಡಿಸಿ, ಮದುವಣಗಿತ್ತಿಯ ಹಾಗೆ ಸಿಂಗರಿಸಿದ್ದ. ಚನ್ನಗಿರಿಯ ಮೈದಾನದಲ್ಲಿ ಹಳೇ ಕಾರುಗಳ ಪ್ರದರ್ಶನವಂತೆ. "ಅಜ್ಜಾ, ನೀವು ಮುಂದಿನ ಸೀಟಲ್ಲಿ ಕೂರ್ಬೇಕು. ಮೈಕಲ್ಲಿ ಎರಡು ಮಾತಾಡ್ಬೇಕು. ನೀವು ನಮ್ಮನೆಯವ್ರೇ ಅಲ್ವಾ?" ಅಂದ. ನಮ್ಮನೆಯವರು! ಬೆಲ್ಲದ ಮಾತಿಗೆ ಖರ್ಚೇನು? ಹನುಮಂತಪ್ಪ ಒಲ್ಲೆ ಅನ್ನುವವನಿದ್ದ. ಚನ್ನಗಿರಿಯಲ್ಲಿ ಟೀಚರಾಗಿರುವ ಯಶೋಧರೆಯ ಮುಖ ಅರಳಿತು. "ಹೋಗಾಣ ಅಜ್ಜ. ನೀನು ಆ ಸೀಟಲ್ಲಿ ಕೂರೋದನ್ನ ಊರು ನೋಡ್ಲಿ," ಅಂದಳು. ಅವಳಿಗಾಗಿ ಒಪ್ಪಿದ. ಬಿಳಿ ಅಂಗಿ ಇಸ್ತ್ರಿ ಮಾಡಿಸಿಕೊಂಡು ಅವಳ ಸ್ಕೂಟರಲ್ಲೇ ಬಂದ.

ಮೈದಾನದಲ್ಲಿ ನಾಗರಾಜ್ ಕಾಲೇಜು ಹುಡುಗರನ್ನು ಗುಡ್ಡೆ ಹಾಕಿಕೊಂಡು ಅಮೆರಿಕದ ಕಾರುಗಳ ಪುರಾಣ ಬಿಚ್ಚಿದ್ದ. ಮೂವತ್ತರ ದಶಕದಲ್ಲಿ ರಾಜಗಾಂಭೀರ್ಯ, ಐವತ್ತರಲ್ಲಿ ರೆಕ್ಕೆ ಥಳಕು, ಅರವತ್ತರಲ್ಲಿ ಪೈಲ್ವಾನನಂಥ ಇಂಜಿನ್ನು, ಎಪ್ಪತ್ತರಲ್ಲಿ ಎಣ್ಣೆ ತುಟ್ಟಿಯಾಗಿ ದೊಡ್ಡ ಕಾರುಗಳೆಲ್ಲ ಗುಜರಿಗೆ, ಈಗ ಅದೇ ಗುಜರಿಯನ್ನು ಹುಡುಕಿ ತರುವ ಶೋಕಿ. ಅದರಲ್ಲಿ ಸುಳ್ಳೇನಿಲ್ಲ. ಆಮೇಲೆ ಡಿಕ್ಕಿ ಎತ್ತಿದ. ತಳದಲ್ಲಿ ಬೆರಳು ತೂರುವಷ್ಟು ತೂತುಗಳು. ಪಕ್ಕದಲ್ಲೇ ಒಂದು ಚೆಂದದ ಫಲಕ: 'ಗೌಡರ ಬೇಟೆನಾಯಿಗಳ ಉಸಿರಾಟಕ್ಕೆ ಮಾಡಿಸಿದ ರಂಧ್ರಗಳು.'

ಯಶೋಧರೆ ಅದನ್ನು ಗಟ್ಟಿಯಾಗಿ ಓದಿದಳು.

ಗೌಡರು ಜನ್ಮದಲ್ಲಿ ನಾಯಿ ಸಾಕಿದವರಲ್ಲ. ಒಂದು ಬೇಸಿಗೆಯಲ್ಲಿ ಜಗಳೂರಿಗೆ ಹೋಗುವಾಗ, ಧೂಳು ನುಗ್ಗುತ್ತದೆ ಅಂತ ಡಿಕ್ಕಿಯ ಮುಚ್ಚಳ ಪೂರಾ ಹಾಕಿಸಿದ್ದರು. ಜಗಳೂರಲ್ಲಿ ತೆರೆದಾಗ ಹನುಮಂತಪ್ಪ ವಾಂತಿಯಲ್ಲಿ ಬಿದ್ದಿದ್ದ, ಪ್ರಜ್ಞೆ ಇರಲಿಲ್ಲ. ಸಣ್ಣತಿಮ್ಮಪ್ಪ ಅವನ ಮುಖಕ್ಕೆ ನೀರು ಹೊಡೆದು, ಉಳಿಯೂ ಸುತ್ತಿಗೆಯೂ ಹುಡುಕಿ ತಂದು ಆ ತೂತುಗಳನ್ನು ಹೊಡೆದ. ಗೌಡರು ಬೈದದ್ದು ಸಣ್ಣತಿಮ್ಮಪ್ಪನನ್ನೇ. ಕಾರು ಕೆಡಿಸಿದನಂತೆ.

ಹನುಮಂತಪ್ಪ ನಾಗರಾಜನನ್ನು ಪಕ್ಕಕ್ಕೆ ಕರೆದ. ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ನಾಲ್ಕೇ ಮಾತಲ್ಲಿ ಹೇಳಿದ. "ನಾನು ಮೈಕಲ್ಲಿ ಏನೂ ಅನ್ನಾಕಿಲ್ಲ ಗೌಡ್ರೆ. ಆ ನಾಯಿ ಅನ್ನೋದೊಂದು ತೆಗೆಸ್ರಿ. ಅಷ್ಟು ಸಾಕು."

ನಾಗರಾಜನ ಮುಖ ಒಂದು ಗಳಿಗೆ ಬಿಳಿಚಿತು. ಆಮೇಲೆ ನಕ್ಕ. "ಛೇ, ಹಳೇದೆಲ್ಲ ಯಾಕಜ್ಜಾ ಈಗ? ಬಹುಮಾನ ಕೊಡೋರು ಬರೋ ಹೊತ್ತು. ಬೇಟೆನಾಯಿ ಅಂದ್ರೆ ಕಾರಿಗೊಂದು ಗತ್ತು. ಬನ್ನಿ, ಸೀಟಲ್ಲಿ ಕೂರಿ." ಮುಂದಿನ ಬಾಗಿಲು ತೆರೆದು ಹಿಡಿದ. ಕೆಂಪು ಮೆತ್ತೆ ಮಿರಮಿರ ಮಿಂಚುತ್ತಿತ್ತು. ಯಶೋಧರೆ ಫೋಟೋ ತೆಗೆಯಲು ಮೊಬೈಲ್ ಎತ್ತಿದಳು.

ಹನುಮಂತಪ್ಪ ಆ ಕಡೆ ಹೋಗಲಿಲ್ಲ. ಚಪ್ಪಲಿ ಬಿಡದೆ ಡಿಕ್ಕಿಯ ಅಂಚಿಗೆ ಕಾಲಿಟ್ಟ. ಮಂಡಿ ಕಟಕಟ ಅಂದವು. ಒಂದು ಕೈ ಊರಿ, ಮೈ ಮಡಚಿ, ಗದ್ದಕ್ಕೆ ಮೊಣಕಾಲು ತಾಗಿಸಿ ಒಳಗೆ ಮಲಗಿಯೇಬಿಟ್ಟ. ಮೈ ಅಲ್ಲಿ ಎಷ್ಟು ಸರಿಯಾಗಿ ಹಿಡಿಸಿತೆಂದರೆ ಹುಡುಗರು ಇದೂ ಪ್ರದರ್ಶನದ ಭಾಗವೆಂದು ಚಪ್ಪಾಳೆ ತಟ್ಟಿದರು.

ಅವನು ಒಂದು ತೂತಿಗೆ ಮೂಗು ಹಚ್ಚಿದ. "ಹಿಂಗೆ ಉಸಿರಾಡ್ಬೇಕಾಗಿತ್ತು," ಅಂದ, ಎಲ್ಲರಿಗೂ ಕೇಳುವಂತೆ. "ಜಗಳೂರಿಗೆ, ಹೊನ್ನಾಳಿಗೆ, ಎಲ್ಲಿಗೆ ಹೋದ್ರೂ ಹಿಂಗೇ. ನಾಯಿ ಅಂತ ಬರ್ಸ್ಯಾರಲ್ಲ, ಆ ನಾಯಿ ನಾನೇ ಕಣ್ರಪ್ಪ. ಇನ್ನೂ ಬದುಕೇನಿ."

ಚಪ್ಪಾಳೆ ನಿಂತಿತು. ನಾಗರಾಜ್ ಓಡಿ ಬಂದ. "ಏಯ್ ಹನ್ಮಾ, ಇಳಿಯೋ ಕೆಳಗೆ! ಬಣ್ಣ ಕಿತ್ತೋಗುತ್ತೆ!"

ಆ ಮಾತು ಅವನ ಬಾಯಿಂದ ಜಾರಿದ್ದನ್ನು ಮೈದಾನವೆಲ್ಲ ಕೇಳಿತು. ಯಶೋಧರೆ ಮೊಬೈಲನ್ನು ಬ್ಯಾಗಿಗೆ ತುರುಕಿ ಬಂದು ಅಜ್ಜನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದಳು. ತೆರೆದೇ ಇದ್ದ ಮುಂದಿನ ಬಾಗಿಲನ್ನು ದಾಟಿ ಇಬ್ಬರೂ ಸ್ಕೂಟರಿನ ಹತ್ತಿರ ಬಂದರು.

"ಬಾಟ್ಲಿ ನೀರು ಕೊಡವ್ವ," ಅಂದ ಹನುಮಂತಪ್ಪ. ಅವಳು ಸುರಿದಳು. ಅವನು ಮೊಣಕೈವರೆಗೆ ಉಜ್ಜಿ ಉಜ್ಜಿ ತೊಳೆದ.

"ಯಾಕಜ್ಜ, ಮೈಲಿಗೆ ಆತಾ?" ಅಂದಳು, ಅಳುತ್ತಲೇ.

"ಮೈಲಿಗೆ ಗೀಲಿಗೆ ನಮ್ಮಲ್ಲಿ ಇಲ್ಲವ್ವ," ಅಂದ ಅಜ್ಜ. "ಹೇಸಿಗೆ."