ವಾಸವಿಲ್ಲ ಎಂದು ಬರೆದವನು

ಹನುಮವ್ವ, ನಿನ್ನ ಗುಡಿಸಲಿನ ಎದುರು ನಿಂತು 'ವಾಸವಿಲ್ಲ' ಎಂದು ಬರೆದವನು ನಾನೇ. ಕಂಪ್ಯೂಟರ್ ಅಲ್ಲ, ಮೇಲಿನವರಲ್ಲ — ನಾನು.

ಸಿಂಧನೂರಿನ ಕಾಲುವೆ ದಂಡೆಯ ನಿಮ್ಮ ಓಣಿಯನ್ನು ಕೆಡವಿ, ಅಲ್ಲೇ ನಿಮಗೆ ಪಕ್ಕಾ ಮನೆ ಕಟ್ಟುವ ನಕ್ಷೆ ನನ್ನದು. ಒಬ್ಬರನ್ನೂ ಊರ ಹೊರಗೆ ಅಟ್ಟುವುದಿಲ್ಲ ಎಂದು ಸಭೆಯಲ್ಲಿ ಭಾಷಣ ಬಿಗಿದವನೂ ನಾನೇ. ಆಮೇಲೆ ಎಣಿಸಿದರೆ ನಕ್ಷೆಯಲ್ಲಿದ್ದ ಮನೆಗಳಿಗಿಂತ ಹನ್ನೆರಡು ಕುಟುಂಬ ಹೆಚ್ಚು. ನಡುವಿನ ಉದ್ಯಾನ ತೆಗೆದಿದ್ದರೆ ಎಲ್ಲರಿಗೂ ಜಾಗವಾಗುತ್ತಿತ್ತು. ಆದರೆ ಕಚೇರಿಯ ಸಾಹೇಬರು ಹೊಗಳಿದ್ದು ಆ ಉದ್ಯಾನವನ್ನೇ. ಆ ಹೊಗಳಿಕೆ — ಅಷ್ಟೇ, ಬೇರೆ ಕಾರಣವಿಲ್ಲ.

ಯಾರಿಗೆ ಮನೆ ಎಂದು ಗೊತ್ತುಮಾಡುವ ಗಣತಿಯ ದಿನವನ್ನು ನಾನೇ ಆರಿಸಿದೆ. ಭತ್ತದ ನಾಟಿಯ ಹದಿನೈದು ದಿನ ಕೂಲಿಯ ನೀವು ಹನ್ನೆರಡು ಮನೆಯವರು ದಢೇಸುಗೂರಿನ ಕಡೆ ಗದ್ದೆಗಳಲ್ಲೇ ಉಳಿಯುತ್ತೀರಿ. ಪಾತ್ರೆ, ಹಾಸಿಗೆ, ಕೋಳಿ ಸಮೇತ ಹೋಗುತ್ತೀರಿ. ಬಾಗಿಲಿಗೆ ಹಗ್ಗ ಬಿಗಿದ ಖಾಲಿ ಗುಡಿಸಲು ಕಂಡು ಯಾರೂ ಇಲ್ಲವೆಂದು ಹೊರಗಿನವನು ತಿಳಿದಾನು. ನಾನು ಹಾಗೆ ತಿಳಿಯುವಂತಿರಲಿಲ್ಲ. ನನ್ನ ಅವ್ವನೂ ಹಾಗೇ ಹೋಗುತ್ತಿದ್ದಳು, ನನ್ನನ್ನೂ ಕಟ್ಟಿಕೊಂಡು.

ಹೊರಡುವ ಮುಂಜಾನೆ ನೀನು ನನ್ನನ್ನು ದಾರಿಯಲ್ಲಿ ತಡೆದಿದ್ದೆ.

"ನಾಟಿಗಿ ಹೊಂಟೀವಿ ಯಪ್ಪಾ. ಎಣಸಾಕ ಬಂದ್ರ ನಮ್ಮ ಹೆಸರು ಬರಸು. ನೀ ನಮ್ಮ ಮಂದ್ಯಾಗಿನವ ಅದೀ."

ಬರೆಸುತ್ತೇನೆ ಎಂದೆ. ನಗುತ್ತಲೇ ಎಂದೆ.

ನೀವು ಮರಳುವಷ್ಟರಲ್ಲಿ ಪಟ್ಟಿ ಅಂಟಿಸಿಯಾಗಿತ್ತು. ಹನ್ನೆರಡು ಹೆಸರು ಇರಲಿಲ್ಲ. ತಕರಾರಿನ ಗಡುವೂ ಮುಗಿದಿತ್ತು. ಜೆಸಿಬಿ ಬಂದ ದಿನ ನಾನು ರಜೆ ಹಾಕಿದೆ.

ಮೊನ್ನೆ ಮಸ್ಕಿ ಬಸ್ ನಿಲ್ದಾಣದಲ್ಲಿ ನೀನು ಸಿಕ್ಕೆ. ಪಾಮನಕಲ್ಲೂರಿನಲ್ಲಿ, ತಂಗಿಯ ಅಂಗಳದಲ್ಲಿ ತಾಡಪತ್ರಿಯ ಸೂರು ಕಟ್ಟಿಕೊಂಡು ಇದ್ದೀಯಂತೆ. ತಂಗಿಯ ಗಂಡ ಈ ತಿಂಗಳು ಜಾಗ ಬಿಡು ಅಂದಿದ್ದಾನಂತೆ. ಎಲ್ಲಿಗೆ ಹೋಗಲಿ ಎಂದು ನನ್ನನ್ನೇ ಕೇಳಿದೆ. ನೀನು ಉಗಿದಿದ್ದರೆ ಬದುಕಿಕೊಳ್ಳುತ್ತಿದ್ದೆ. ನೀನು ಅಂದದ್ದು —

"ತಪ್ಪು ನಂದ ಐತಿ. ಆವತ್ತು ನಾಟಿಗಿ ಹೋಗಬಾರದಿತ್ತು."

ನಾನು... ನಾನು ತಲೆಯಾಡಿಸಿದೆ, ಹನುಮವ್ವ. ಹೌದು ಎಂಬಂತೆ.

ಓಣಿಯಲ್ಲಿ ಕಟ್ಟಿದ ಹೊಸ ಮನೆಗಳೆಲ್ಲ ತುಂಬಿವೆ, ಯಾರ ಕಾಲು ಹಿಡಿದರೆ ಇನ್ನು ಹನ್ನೆರಡು ಹುಟ್ಟುತ್ತವೆ, ಗೊತ್ತಿಲ್ಲ. ಬರೆದದ್ದು ಸುಳ್ಳೆಂದು ಕಚೇರಿಗೆ ಬರೆದು ಕೊಡುತ್ತೇನೆ. ನೌಕರಿ ಹೋಗಬಹುದು, ಆದರೂ ನಿನಗೆ ಮನೆ ಸಿಗುತ್ತದೆಂದು ಹೇಳಲಾರೆ. ಅದಕ್ಕೂ ಮೊದಲು ನಾಳೆ ಪಾಮನಕಲ್ಲೂರಿಗೆ ಬರುತ್ತೇನೆ. ನಿನ್ನ ತಂಗಿ, ಅವಳ ಗಂಡ, ಅಲ್ಲಿನ ಓಣಿಯವರು, ಎಲ್ಲರ ಎದುರು ನಿಂತು ಈ ಪತ್ರವನ್ನು ಓದುತ್ತೇನೆ. ನೀನು ದುಡಿಯಲು ಹೋಗಿದ್ದೆ, ಅಷ್ಟೇ. ತಪ್ಪು ನನ್ನದು.